ಲೇಟೆಕ್ ಫೈಲ್‌ಗಳಿಗೆ ರೆಜೆಕ್ಸ್: ಆರು ವರ್ಷ ಬಳಸಿದ ಮೇಲೆ

ಗಣಿತದ ಪಿಎಚ್‌ಡಿ ಪ್ರಬಂಧಗಳನ್ನು ಲೇಟೆಕ್ ಎಂಬ ಅಕ್ಷರಜೋಡಣೆಯ ಸಾಫ್ಟ್‌ವೇರ್‌ನಲ್ಲಿ ಅಚ್ಚಿಗೆ ಸಿದ್ಧ ಮಾಡಿಕೊಡುವುದು ನನ್ನ ಕೆಲಸ. ಬರುವ ಫೈಲ್‌ಗಳು ಒಬ್ಬೊಬ್ಬರದು ಒಂದೊಂದು ಥರ ಇರುತ್ತವೆ. ಅವನ್ನೆಲ್ಲ ಒಂದು ಹದಕ್ಕೆ ತರಲು ಆರು ವರ್ಷದಿಂದ ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ರೆಗ್ಯುಲರ್ ಎಕ್ಸ್‌ಪ್ರೆಶನ್, ಅಂದರೆ ರೆಜೆಕ್ಸ್, ಬಳಸುತ್ತಿದ್ದೇನೆ. ಒಂದು ನಮೂನೆ ಕೊಟ್ಟರೆ ಅದಕ್ಕೆ ಹೊಂದುವ ಪಠ್ಯವನ್ನೆಲ್ಲ ಹುಡುಕಿ ಬದಲಿಸುವ ವಿಧಾನ ಇದು. ಇದಿಲ್ಲದೆ ನನ್ನ ದಿನ ಸಾಗುವುದಿಲ್ಲ.

ಲೇಟೆಕ್‌ನಲ್ಲಿ ಗಣಿತದ ಚಿಹ್ನೆ, ಫುಟ್‌ನೋಟ್ ಮುಂತಾದವನ್ನು ಕಮಾಂಡ್ ಬರೆದು ಹಾಕುತ್ತಾರೆ. ಕಮಾಂಡ್‌ನ ಶುರು ಹಿಡಿಯುವುದು ಸುಲಭ. ಬ್ಯಾಕ್‌ಸ್ಲ್ಯಾಶ್ ಇರುತ್ತದಲ್ವಾ? ರೆಜೆಕ್ಸ್‌ನಲ್ಲಿ ಅದಕ್ಕೆ ಬೇರೆ ಅರ್ಥ ಇರುವುದರಿಂದ ಎರಡು ಸಲ ಬರೆಯಬೇಕು, ಅಷ್ಟೇ. ಕಷ್ಟ ಇರುವುದು ಕಮಾಂಡ್ ಎಲ್ಲಿ ಮುಗಿಯಿತು ಅನ್ನುವುದರಲ್ಲಿ. ‘ಇನ್’ ಅನ್ನುವ ಕಮಾಂಡ್ ಹುಡುಕಿದರೆ, ಅದೇ ಅಕ್ಷರಗಳಿಂದ ಶುರುವಾಗುವ ‘ಇಂಟ್’ ಕೂಡ ಸಿಗುತ್ತದೆ, ‘ಇನ್‌ಫ್ಟಿ’ ಕೂಡ ಸಿಗುತ್ತದೆ.

ಇದಕ್ಕೆ ನಾನು ಮೊದಲು ವರ್ಡ್ ಬೌಂಡರಿ, ಅಂದರೆ ‘ಪದ ಇಲ್ಲಿಗೆ ಮುಗಿಯಬೇಕು’ ಅನ್ನುವ ಗುರುತು, ಹಾಕುತ್ತಿದ್ದೆ. ಒಂದು ಪ್ರಬಂಧದಲ್ಲಿ ಎಲ್ಲ ‘ಫೈ’ಗಳನ್ನೂ ಅದೇ ಗ್ರೀಕ್ ಅಕ್ಷರದ ಇನ್ನೊಂದು ರೂಪವಾದ ‘ವಾರ್‌ಫೈ’ ಮಾಡಬೇಕಿತ್ತು. ಮಾಡಿದೆ, ಪ್ರಿಂಟ್ ಕೂಡ ಆಯಿತು. ನೋಡಿದರೆ ಒಂದೇ ಪುಟದಲ್ಲಿ ಎರಡು ಬಗೆಯ ಫೈ! ಸಬ್‌ಸ್ಕ್ರಿಪ್ಟ್ (ಚಿಹ್ನೆಯ ಕೆಳಬದಿಗೆ ಬರುವ ಚಿಕ್ಕ ಅಂಕಿ ಅಥವಾ ಅಕ್ಷರ) ಇದ್ದ ಕಡೆ ಒಂದೂ ಬದಲಾಗಿರಲಿಲ್ಲ. ಸಬ್‌ಸ್ಕ್ರಿಪ್ಟ್‌ಗೆ ಹಾಕುವ ಅಂಡರ್‌ಸ್ಕೋರ್ ಅನ್ನು ರೆಜೆಕ್ಸ್ ಪದದ ಭಾಗ ಎಂದೇ ಎಣಿಸುತ್ತದೆ. ಹಾಗಾಗಿ ಅಲ್ಲಿ ಅದಕ್ಕೆ ಬೌಂಡರಿಯೇ ಕಾಣುವುದಿಲ್ಲ. ಆ ವಿದ್ಯಾರ್ಥಿಯ ಮುಖ ನೋಡಿ ನನಗೆ ತುಂಬ ಬೇಜಾರಾಯಿತು. ಅವತ್ತಿನಿಂದ ಬೌಂಡರಿ ಬಿಟ್ಟು, ‘ಮುಂದೆ ಇಂಗ್ಲಿಷ್ ಅಕ್ಷರ ಬರಬಾರದು’ ಅನ್ನುವ ನೆಗೆಟಿವ್ ಲುಕ್‌ಅಹೆಡ್ ಬರೆಯುತ್ತೇನೆ. ಲೇಟೆಕ್ ತಾನು ಕಮಾಂಡ್ ಓದುವುದೂ ಹೀಗೆಯೇ.

ಇನ್ನೊಂದು ತಲೆನೋವು ಫ್ಲವರ್ ಬ್ರಾಕೆಟ್. ಫುಟ್‌ನೋಟ್ ಒಳಗೆ ಇಟಾಲಿಕ್ ಇದ್ದರೆ ಬ್ರಾಕೆಟ್ ಒಳಗೊಂದು ಬ್ರಾಕೆಟ್ ಬರುತ್ತದೆ. ಆಗ ಚುಕ್ಕಿ-ಸ್ಟಾರ್ (‘ಏನು ಬಂದರೂ, ಎಷ್ಟು ಬಂದರೂ ಸರಿ’ ಅನ್ನುವ ನಮೂನೆ) ಸಾಲಿನ ಕೊನೆಯ ಬ್ರಾಕೆಟ್‌ವರೆಗೂ ನುಂಗುತ್ತದೆ. ಅದನ್ನು ಲೇಜಿ ಮಾಡಿದರೆ, ಅಂದರೆ ಆದಷ್ಟು ಕಡಿಮೆ ಹಿಡಿಯಲು ಹೇಳಿದರೆ, ಒಳಗಿನ ಬ್ರಾಕೆಟ್ ಮುಚ್ಚಿದ ಕಡೆಯೇ ನಿಂತುಬಿಡುತ್ತದೆ. 2007ರಲ್ಲಿ ಬಂದ ಪರ್ಲ್ 5.10ರಿಂದ ರಿಕರ್ಶನ್, ಅಂದರೆ ನಮೂನೆ ತನ್ನೊಳಗೆ ತನ್ನನ್ನೇ ಮತ್ತೆ ಬಳಸುವ ಸೌಲಭ್ಯ, ಇದೆ. ಅದರಿಂದ ಎಷ್ಟು ಪದರ ಇದ್ದರೂ ಜೋಡಿ ಸರಿಯಾಗಿ ಸಿಗುತ್ತದೆ. ಪೈಥಾನ್ ಬಳಸುವವರು ಗಮನಿಸಿ: ಅದರ ಜೊತೆಗೇ ಬರುವ ಮಾಡ್ಯೂಲ್‌ನಲ್ಲಿ ಇದು ಇಲ್ಲ. ‘ರೆಜೆಕ್ಸ್’ ಅನ್ನುವ ಬೇರೆ ಮಾಡ್ಯೂಲ್ ಹಾಕಿಕೊಳ್ಳಬೇಕು.

ಬರೆದದ್ದನ್ನು ಹಾಗೆಯೇ ತೋರಿಸುವ ವರ್ಬೇಟಿಮ್ ಭಾಗ, ಪರ್ಸೆಂಟ್ ಚಿಹ್ನೆಯ ನಂತರದ ಕಮೆಂಟ್, ಲೇಖಕರು ತಾವೇ ಮಾಡಿಕೊಂಡ ಕಮಾಂಡ್‌ಗಳು: ಇವುಗಳಲ್ಲಿ ರೆಜೆಕ್ಸ್ ಅನ್ನು ಸುಮ್ನೆ ನಂಬಬೇಡಿ. ನಾನು ಬದಲಿಸುವ ಮೊದಲು ಸಿಕ್ಕ ಸಾಲುಗಳನ್ನೆಲ್ಲ ಪಟ್ಟಿ ಮಾಡಿಸಿ, ಒಂದೊಂದಾಗಿ ಓದುತ್ತೇನೆ. ಆಮೇಲೆ ಹಳೆಯ ಮತ್ತು ಹೊಸ ಪಿಡಿಎಫ್ ಎರಡನ್ನೂ ಪಕ್ಕಪಕ್ಕ ತೆರೆದಿಟ್ಟುಕೊಂಡು, ಸಬ್‌ಸ್ಕ್ರಿಪ್ಟ್ ಇರುವ ಪುಟಗಳನ್ನೇ ಮೊದಲು ನೋಡುತ್ತೇನೆ.