ಮನೆ ಖಾಲಿ ಮಾಡಿ ಊರಿಗೆ ಹೊರಟವರೇ, ಟೈರು ನೋಡದೆ ಬಾಡಿಗೆ ವ್ಯಾನಿನ ಕೀ ತಗೋಬೇಡಿ

ಕೆಲಸ ಹೋಗಿ, ವ್ಯಾಪಾರ ಮುಚ್ಚಿ, ಅಥವಾ ಇನ್ನೇನೋ ಪೆಟ್ಟು ತಿಂದು ಊರಿಗೆ ವಾಪಸ್ ಹೊರಟಿದ್ದೀರಾ? ಸಾಮಾನು ಸಾಗಿಸೋದಕ್ಕೆ ವ್ಯಾನ್ ಬಾಡಿಗೆಗೆ ಹಿಡಿದು ನೀವೇ ಓಡಿಸಿಕೊಂಡು ಹೋಗುವ ಯೋಚನೆ ಇದೆಯಾ? ಹಾಗಾದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ವ್ಯಾನಿನ ಹಿಂದಿನ ಟೈರು ಹೆದ್ದಾರಿಯಲ್ಲಿ, ವ್ಯಾನ್ ವೇಗದಲ್ಲಿ ಇರುವಾಗಲೇ ಸಿಡಿಯಿತು. ಒಳಗೆ ನಾನು ಮತ್ತು ನನ್ನ ಅಣ್ಣ. ಹಿಂದೆ ಇಡೀ ಮನೆಯ ಸಾಮಾನು. ಇಬ್ಬರಿಗೂ ಪೆಟ್ಟಾಗಲಿಲ್ಲ. ಪಕ್ಕದ ಸಾಲಿನಲ್ಲಿ ಆ ಹೊತ್ತಿಗೆ ಬೇರೆ ಗಾಡಿ ಇರಲಿಲ್ಲ ಅನ್ನುವುದೂ ಅದಕ್ಕೆ ಒಂದು ಕಾರಣ.

ನಾನಿದ್ದ ಕಂಪನಿ ಬಾಗಿಲು ಹಾಕಿತ್ತು. ಹೊಸ ಕೆಲಸ ಸಿಗುವ ಲಕ್ಷಣ ಇರಲಿಲ್ಲ. ಮನೆ ಬಿಡುವ ದಿನ ಹತ್ತಿರ ಬಂದಿತ್ತು. ಇಂಥ ಹೊತ್ತಿನಲ್ಲಿ ಮನಸ್ಸು ಹೇಗಿರುತ್ತದೆ ಅಂತ ಅನುಭವಿಸಿದವರಿಗೆ ಗೊತ್ತು. ಚೌಕಾಸಿ ಬೇಡ, ಜಗಳ ಬೇಡ, ಪ್ರಶ್ನೆ ಕೇಳೋದೂ ಬೇಡ, ಒಮ್ಮೆ ಇದೆಲ್ಲ ಮುಗಿದರೆ ಸಾಕು ಅನ್ನಿಸುತ್ತದೆ. ಬಾಡಿಗೆಗೆ ಗಾಡಿ ಕೊಡುವವರಿಗೂ ಇದು ಚೆನ್ನಾಗಿ ಗೊತ್ತು. 'ಒಂದೇ ಕಡೆಗೆ, ಮನೆ ಸಾಮಾನು, ನಾಳಿದ್ದೇ ಬೇಕು' ಅಂದ ತಕ್ಷಣ, ಈ ಗಿರಾಕಿ ಬೇಡ ಅಂತ ಎದ್ದು ಹೋಗುವುದಿಲ್ಲ ಅಂತ ಅವರಿಗೆ ಅರ್ಥವಾಗಿಬಿಡುತ್ತದೆ.

ನಮಗೆ ಫೋನಿನಲ್ಲಿ ಹೇಳಿದ್ದು ಒಂದು ವ್ಯಾನ್, ಅಂಗಳದಲ್ಲಿ ನಿಲ್ಲಿಸಿದ್ದು ಇನ್ನೊಂದು. ಅದಕ್ಕಿಂತ ಚಿಕ್ಕದು, ಅದಕ್ಕಿಂತ ಹಳೆಯದು. ಕೇಳಿದರೆ, 'ಅದು ಸರ್ವಿಸ್‌ಗೆ ಹೋಗಿದೆ ಸರ್, ಇದೂ ಅಷ್ಟೇ ಹಿಡಿಸುತ್ತೆ' ಅಂದರು. ಎಷ್ಟು ಭಾರ ಹಾಕಬಹುದು ಅಂತ ಅಣ್ಣ ಕೇಳಿದ. 'ಬಾಗಿಲು ಹಾಕೋಕೆ ಆಗೋಷ್ಟು ಹಾಕಿ' ಅನ್ನೋದು ಉತ್ತರ. ಟೈರು, ಬ್ರೇಕು ಎಲ್ಲಾ ಚೆಕ್ ಆಗಿದೆ ಅಂತ ಒಂದು ಕಾಗದ ತೋರಿಸಿ ಸಹಿ ಹಾಕಿಸಿಕೊಂಡರು. ಅಣ್ಣ ಮಾತ್ರ ಬಿಡದೆ ವ್ಯಾನಿನ ಸುತ್ತ ಒಂದು ಸುತ್ತು ಬಂದು, ಗೀರು, ತಗ್ಗು, ನಾಲ್ಕೂ ಚಕ್ರ, ಮೀಟರಿನ ಅಂಕಿ ಎಲ್ಲದರ ಫೋಟೊ ತೆಗೆದುಕೊಂಡ. ಆ ಫೋಟೊಗಳೇ ಆಮೇಲೆ ನಮ್ಮನ್ನು ಕಾಪಾಡಿದ್ದು. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಟೈರಿನ ವಿಷಯ. ಗ್ರಿಪ್ ಚೆನ್ನಾಗಿದ್ದರೆ ಟೈರು ಚೆನ್ನಾಗಿದೆ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ, ಅಲ್ವಾ? ನಮ್ಮ ವ್ಯಾನಿನ ಟೈರಿಗೂ ಗ್ರಿಪ್ ಬೇಕಾದಷ್ಟಿತ್ತು. ಆದರೆ ರಬ್ಬರಿಗೆ ವಯಸ್ಸಾಗುತ್ತದೆ. ಬಿಸಿಲು, ಸೆಖೆ, ಗಾಳಿಯಲ್ಲಿರುವ ಆಮ್ಲಜನಕ, ಇವುಗಳಿಂದ ಅದು ಗಟ್ಟಿಯಾಗುತ್ತಾ, ಒಳಗಿನ ಹಿಡಿತ ಕಳೆದುಕೊಳ್ಳುತ್ತಾ ಹೋಗುತ್ತದೆ. ಗಾಡಿ ಓಡದೆ ಸುಮ್ನೆ ನಿಂತಿದ್ದರೂ ಇದು ನಿಲ್ಲುವುದಿಲ್ಲ. ಟೈರಿನ ಒಳಗೆ ಉಕ್ಕಿನ ತಂತಿಗಳ ಪಟ್ಟಿ ಇರುತ್ತದೆ. ಹಳೆಯ ರಬ್ಬರು ಆ ಪಟ್ಟಿಯಿಂದ ಬಿಟ್ಟುಕೊಂಡರೆ, ಮೇಲಿನ ಪದರ ಸುಲಿದು ಹೋಗಿ ಟೈರು ಸಿಡಿಯುತ್ತದೆ.

ವಯಸ್ಸು ತಿಳಿಯುವುದು ಸುಲಭ. ಟೈರಿನ ಪಕ್ಕದ ಮೈ ಮೇಲೆ 'ಡಾಟ್' ಅನ್ನುವ ಮೂರು ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುವ ಒಂದು ಸಾಲು ಹುಡುಕಿ. ಅದರ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 3217 ಅಂತಿದ್ದರೆ ಆ ಟೈರು 2017ರ 32ನೇ ವಾರದಲ್ಲಿ ತಯಾರಾದದ್ದು. ಹೊರಗಡೆ ಕಾಣದಿದ್ದರೆ ಚಕ್ರದ ಒಳಮೈಯಲ್ಲಿ ನೋಡಿ, ಕೆಲವು ಟೈರುಗಳಲ್ಲಿ ಪೂರ್ತಿ ಸಾಲು ಒಂದೇ ಬದಿಗೆ ಇರುತ್ತದೆ. ಕೊನೆಯಲ್ಲಿ ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನದು, ಆ ಗಾಡಿಯನ್ನು ಮುಟ್ಟಲೇಬೇಡಿ. 6 ವರ್ಷ ಆದ ಮೇಲೆ ಟೈರು ಬದಲಿಸಿ ಅಂತ ಹಲವು ಕಾರು ಕಂಪನಿಗಳು ಹೇಳುತ್ತವೆ. 10 ವರ್ಷ ದಾಟಿದರೆ ನೋಡೋದಕ್ಕೆ ಎಷ್ಟೇ ಚೆನ್ನಾಗಿದ್ದರೂ ತೆಗೆದುಹಾಕಿ ಅಂತ ದೊಡ್ಡ ಟೈರು ಕಂಪನಿಗಳೇ ಹೇಳುತ್ತವೆ. ಪಕ್ಕದ ಮೈಯಲ್ಲಿ ಸಣ್ಣ ಸಣ್ಣ ಬಿರುಕು, ಎಲ್ಲಾದರೂ ಒಂದು ಉಬ್ಬು ಕಂಡರೆ ವರ್ಷ ನೋಡುವ ಅಗತ್ಯವೂ ಇಲ್ಲ. ಬೇರೆ ಗಾಡಿ ಕೇಳಿ.

ಸ್ಟೆಪ್ನಿಯನ್ನೂ ನೋಡಿ. ವ್ಯಾನುಗಳಲ್ಲಿ ಅದು ಸಾಮಾನ್ಯವಾಗಿ ಅಡಿಯಲ್ಲಿ ನೇತಾಡುತ್ತಿರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಅದನ್ನು ಕೆಳಗಿಳಿಸಿ ತೋರಿಸಿ ಅನ್ನಿ. ಜಾಕ್, ಪಾನಾ ಎಲ್ಲಿವೆ ಅಂತ ಕೇಳಿ, ಕೈಯಲ್ಲಿ ಹಿಡಿದು ನೋಡಿ. ಇದನ್ನು ಕೇಳಿದಾಗ ಅವರ ಮುಖ ಸಣ್ಣದಾದರೆ ನಿಮಗೆ ಉತ್ತರ ಸಿಕ್ಕಿತು.

ಇನ್ನು ಭಾರ. 'ಬಾಗಿಲು ಹಾಕೋಕೆ ಆಗೋಷ್ಟು' ಅನ್ನೋದು ಅಳತೆಯೇ ಅಲ್ಲ. ಪ್ರತಿ ಗಾಡಿಗೂ ತುಂಬಿದಾಗ ಒಟ್ಟು ಎಷ್ಟು ತೂಕ ಇರಬಹುದು ಅನ್ನುವ ಮಿತಿ ಇದೆ. ಅದು ದಾಖಲೆಯಲ್ಲೋ, ಬಾಗಿಲ ಚೌಕಟ್ಟಿಗೆ ಅಥವಾ ಎಂಜಿನ್ ಹತ್ತಿರ ಹೊಡೆದ ತಗಡಿನಲ್ಲೋ ಇರುತ್ತದೆ. ಅದರಿಂದ ಖಾಲಿ ಗಾಡಿಯ ತೂಕ ಕಳೆದರೆ ಉಳಿಯುವುದೇ ನಿಮ್ಮ ಪಾಲು. ಒಳಗೆ ಕೂರುವ ಮನುಷ್ಯರ ತೂಕವೂ ಅದರಲ್ಲೇ ಸೇರಬೇಕು ಅನ್ನೋದನ್ನು ಬಹಳ ಜನ ಮರೆಯುತ್ತಾರೆ. ಟೈರಿಗೂ ಅದರದ್ದೇ ಮಿತಿ ಇದೆ. ಅಳತೆಯ ಅಂಕಿಗಳ ಕೊನೆಗೆ 91 ಅಂತ ಇದ್ದರೆ ಆ ಒಂದು ಟೈರು ಹೊರಬಹುದಾದದ್ದು 615 ಕೆಜಿ. 104 ಅಂತ ಇದ್ದರೆ 900 ಕೆಜಿ. ನೋಡೋದಕ್ಕೆ ಎರಡೂ ಒಂದೇ ಥರ ಕಾಣಬಹುದು. ನಮ್ಮ ವ್ಯಾನಿನ ಹಿಂದಿನ ಎರಡು ಟೈರುಗಳಂತೂ ಬೇರೆ ಬೇರೆ ಕಂಪನಿಯವಾಗಿದ್ದವು.

ಗಾಳಿ ಎಷ್ಟಿರಬೇಕು ಅಂತ ಚಾಲಕನ ಬಾಗಿಲ ಪಕ್ಕದ ಚೀಟಿಯಲ್ಲಿ ಬರೆದಿರುತ್ತದೆ. ಖಾಲಿ ಗಾಡಿಗೆ ಒಂದು ಅಂಕಿ, ತುಂಬಿದ ಗಾಡಿಗೆ ಜಾಸ್ತಿ ಇರುವ ಇನ್ನೊಂದು ಅಂಕಿ. ನೀವು ತುಂಬಿಸಿಕೊಂಡು ಹೊರಟಿದ್ದೀರಿ, ಆ ಎರಡನೆಯದನ್ನು ನೋಡಿ. ಟೈರು ತಣ್ಣಗಿರುವಾಗಲೇ ಅಳೆಯಬೇಕು. ಓಡಿ ಬಿಸಿಯಾದ ಮೇಲೆ ಅಂಕಿ ಏರಿರುತ್ತದೆ, ಜಾಸ್ತಿಯಾಯಿತು ಅಂತ ಗಾಳಿ ಬಿಡಬೇಡಿ. ಗಾಳಿ ಕಡಿಮೆ, ಭಾರ ಜಾಸ್ತಿ ಆದಾಗ ಟೈರಿನ ಪಕ್ಕದ ಮೈ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಒಳಗೊಳಗೇ ಕಾಯುತ್ತದೆ. ಅದರ ಮೇಲೆ ನೆಲದ ಬಿಸಿ, ವೇಗ. ಹಳೆಯ ಟೈರು ಬಿಟ್ಟುಕೊಳ್ಳುವುದು ಹೀಗೆಯೇ.

ಸಾಮಾನು ತುಂಬುವಾಗ ಭಾರದ್ದನ್ನೆಲ್ಲ ಕೆಳಗೆ, ಮುಂದಿನ ಸೀಟಿನ ಬೆನ್ನಿಗೆ ಒತ್ತಿ ಇಡಿ. ಪುಸ್ತಕ, ಪಾತ್ರೆ, ವಾಷಿಂಗ್ ಮೆಷಿನ್ ಇಂಥವು ಹಿಂದಿನ ಚಕ್ರಕ್ಕಿಂತ ಹಿಂದೆ ಹೋಗಬಾರದು. ಹೋದರೆ ಮುಂದಿನ ಚಕ್ರದ ಮೇಲಿನ ಭಾರ ಕಡಿಮೆಯಾಗಿ ಸ್ಟೀರಿಂಗ್ ಹಗುರಾಗುತ್ತದೆ. ಹಾಸಿಗೆ, ದಿಂಬು, ಬಟ್ಟೆ ಮೇಲಕ್ಕೆ ಇರಲಿ. ಎಲ್ಲವನ್ನೂ ಹಗ್ಗದಿಂದ ಬಿಗಿಯಿರಿ. ಅಣ್ಣ ಇದನ್ನೆಲ್ಲ ಹಟ ಹಿಡಿದು ಮಾಡಿಸಿದ. ಟೈರು ಸಿಡಿದಾಗ ಸಾಮಾನು ಕದಲದೆ ಇದ್ದದ್ದರಿಂದಲೇ ವ್ಯಾನ್ ಪಲ್ಟಿಯಾಗಲಿಲ್ಲ ಅಂತ ನಾನು ಈಗಲೂ ನಂಬುತ್ತೇನೆ.

ರಾತ್ರಿಯ ಬಗ್ಗೆಯೂ ಹೇಳಬೇಕು. ಬಾಡಿಗೆ ಗಂಟೆ ಲೆಕ್ಕ. ತಡವಾದರೆ ದಂಡ. ಹಗಲಿಡೀ ಸಾಮಾನು ಇಳಿಸಿ, ಕಟ್ಟಿ, ತುಂಬಿಸಿ, ಸಂಜೆಗೆ ಕೀ ತಿರುಗಿಸಿದರೆ ಆ ಲೆಕ್ಕವೇ ರಾತ್ರಿಯೆಲ್ಲ ಓಡಿಸಿ ಅನ್ನುತ್ತದೆ. ನನಗೂ ಒಂದೇ ಓಟಕ್ಕೆ ಊರು ಸೇರಿಬಿಡುವ ತವಕ. ಅಣ್ಣ ಒಪ್ಪಲಿಲ್ಲ. 'ದಂಡ ನಾನು ಕಟ್ತೀನಿ, ನೀನು ಮಲಗು' ಅಂದ. ಸತತ 17 ಗಂಟೆ ಎಚ್ಚರವಿದ್ದವನ ಕೈಕಾಲು, ಕಣ್ಣಿನ ಚುರುಕು, ರಕ್ತದಲ್ಲಿ 0.05% ಮದ್ಯ ಇರುವವನ ಮಟ್ಟಕ್ಕೆ ಇಳಿಯುತ್ತದೆ ಅಂತ ಪ್ರಯೋಗಗಳಲ್ಲಿ ಕಂಡಿದೆ. 24 ಗಂಟೆಯಾದರೆ 0.10% ಇದ್ದಷ್ಟು. ಕೆಲಸ ಹೋದವರು ಅದಕ್ಕೆ ಮೊದಲೇ ಎಷ್ಟೋ ರಾತ್ರಿ ಸರಿಯಾಗಿ ನಿದ್ದೆ ಮಾಡಿರುವುದಿಲ್ಲ. ಆ ಬಾಕಿಯೂ ತಲೆಯ ಮೇಲೆ ಇರುತ್ತದೆ. ಗಂಟೆಗೆ 80 ಕಿಮೀ ವೇಗದಲ್ಲಿ ನಾಲ್ಕು ಸೆಕೆಂಡು ಕಣ್ಣು ಮುಚ್ಚಿದರೆ ಗಾಡಿ ಸುಮಾರು 89 ಮೀಟರ್ ತಾನಾಗಿಯೇ ಹೋಗಿರುತ್ತದೆ. ಕಿಟಕಿ ತೆರೆಯುವುದು, ಹಾಡು ಜೋರು ಮಾಡುವುದು, ಇವು ನಿದ್ದೆಯನ್ನು ತಡೆಯುವುದಿಲ್ಲ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಕಾಫಿ ಕುಡಿದು, ತಕ್ಷಣ 15-20 ನಿಮಿಷ ಮಲಗಿದರೆ ಸ್ವಲ್ಪ ಹೊತ್ತಿಗೆ ಸಹಾಯ ಆಗುತ್ತದೆ. ಅದೂ ಸ್ವಲ್ಪ ಹೊತ್ತಿಗೆ ಮಾತ್ರ. ಪೂರ್ತಿ ನಿದ್ದೆಗೆ ಬದಲಿ ಇಲ್ಲ.

ಹೀಗೆ ಮಲಗಿ ಎದ್ದು ಹೊರಟ ಮರುದಿನ ಮಧ್ಯಾಹ್ನ ಟೈರು ಸಿಡಿದದ್ದು. ಮೊದಲು ಸ್ಟೀರಿಂಗ್‌ನಲ್ಲಿ ಅಲ್ಲ, ಸೀಟಿನಲ್ಲಿ ಒಂದು ನಡುಕ ಬಂತು. ರಸ್ತೆಯೇ ಕೆಟ್ಟಿದೆ ಅಂದುಕೊಂಡೆವು. ಹಾಗೆ ಇದ್ದಕ್ಕಿದ್ದಂತೆ ನಡುಕ ಶುರುವಾದರೆ, ಒಂದೇ ಸಮನೆ 'ಡಬ ಡಬ' ಸದ್ದು ಬಂದರೆ, ಮುಂದಿನ ಊರಿಗೆ ಅಂತ ಕಾಯಬೇಡಿ. ಅದು ಪದರ ಬಿಟ್ಟುಕೊಳ್ಳುತ್ತಿರುವ ಸದ್ದು. ಸ್ವಲ್ಪವೇ ಹೊತ್ತಿನಲ್ಲಿ ದೊಡ್ಡ ಶಬ್ದ, ವ್ಯಾನಿನ ಹಿಂಭಾಗ ಒಂದು ಪಕ್ಕಕ್ಕೆ ಎಳೆಯಿತು. ಅಣ್ಣ ಬ್ರೇಕ್ ಒತ್ತಲಿಲ್ಲ. ಸ್ಟೀರಿಂಗನ್ನು ಎರಡೂ ಕೈಯಲ್ಲಿ ನೇರ ಹಿಡಿದು, ಆಕ್ಸಿಲರೇಟರ್‌ನಿಂದ ನಿಧಾನಕ್ಕೆ ಕಾಲು ತೆಗೆದು, ವೇಗ ತಾನಾಗಿ ಇಳಿದ ಮೇಲೆ ಬದಿಗೆ ತಂದ. ದಯವಿಟ್ಟು ಇದನ್ನು ನೆನಪಿಡಿ, ಆ ಕ್ಷಣದಲ್ಲಿ ಕಾಲು ತಾನಾಗಿಯೇ ಬ್ರೇಕಿಗೆ ಹೋಗುತ್ತದೆ. ಜೋರಾಗಿ ಒತ್ತಿದರೆ ಗಾಡಿ ತಿರುಗುತ್ತದೆ.

ನಿಂತ ಮೇಲೂ ಅಪಾಯ ಮುಗಿಯುವುದಿಲ್ಲ. ನಾಲ್ಕೂ ಇಂಡಿಕೇಟರ್ ಹಾಕಿ. ರಸ್ತೆಯ ಕಡೆಯ ಬಾಗಿಲಿನಿಂದ ಇಳಿಯಬೇಡಿ. ಎಚ್ಚರಿಕೆಯ ತ್ರಿಕೋನವನ್ನು ಕನಿಷ್ಠ 50 ಮೀಟರ್ ಹಿಂದಕ್ಕೆ ಇಡಿ, ತಿರುವಿನ ಹತ್ತಿರ ನಿಂತಿದ್ದರೆ ಇನ್ನೂ ಹಿಂದಕ್ಕೆ. ಆಮೇಲೆ ಎಲ್ಲರೂ ತಡೆಬೇಲಿಯ ಆಚೆ ಹೋಗಿ ನಿಲ್ಲಿ. ಗಾಡಿಯೊಳಗೆ ಕೂತು ಕಾಯಬೇಡಿ.

ನಮ್ಮ ಸ್ಟೆಪ್ನಿಯಲ್ಲಿ ಗಾಳಿ ಇರಲಿಲ್ಲ. ಜಾಕ್ ಯಾವುದೋ ಸಣ್ಣ ಕಾರಿನದ್ದು, ತುಂಬಿದ ವ್ಯಾನನ್ನು ಒಂದು ಬೆರಳಷ್ಟೂ ಎತ್ತಲಿಲ್ಲ. ಬಾಡಿಗೆ ಕೊಟ್ಟವರಿಗೆ ಫೋನ್ ಮಾಡಿದೆವು. ಅವರು ಕೊಟ್ಟ ಉತ್ತರ ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. ವ್ಯಾನನ್ನು ಎಳೆದೊಯ್ಯಲು ಗಾಡಿ ಕಳಿಸುತ್ತಾರಂತೆ, ಆದರೆ ಖಾಲಿ ವ್ಯಾನ್ ಮಾತ್ರ. ಒಳಗಿನ ಸಾಮಾನಿಗೂ ಅವರಿಗೂ ಸಂಬಂಧ ಇಲ್ಲವಂತೆ. ಹಾಗಾಗಿ ಅಷ್ಟನ್ನೂ ರಸ್ತೆ ಬದಿಯಲ್ಲಿ ಇಳಿಸಿದೆವು. ಬಿಸಿಲಲ್ಲಿ ಪುಸ್ತಕದ ಪೆಟ್ಟಿಗೆಗಳು, ಹಾಸಿಗೆ, ಕನ್ನಡಿ. ಹಾದು ಹೋಗುವ ಪ್ರತಿ ಗಾಡಿಯವರೂ ಅದನ್ನು ನೋಡಿಕೊಂಡು ಹೋಗುತ್ತಿದ್ದರು. ಕೆಲಸ ಹೋದ ದಿನ ನನಗೆ ಅಳು ಬಂದಿರಲಿಲ್ಲ. ಅವತ್ತು ಬಂತು. ಅಣ್ಣ ಏನೂ ಹೇಳದೆ ಪೆಟ್ಟಿಗೆಗಳಿಗೆ ಚಾದರ ಹೊದಿಸುತ್ತಾ ಇದ್ದ. ಖಾಲಿ ವಾಪಸ್ ಹೋಗುತ್ತಿದ್ದ ಒಬ್ಬ ಲಾರಿ ಚಾಲಕರು ತಾವಾಗಿಯೇ ನಿಲ್ಲಿಸಿ, ನಮ್ಮ ಜೊತೆ ಸೇರಿ ಸಾಮಾನು ತುಂಬಿಸಿ, ಊರಿನವರೆಗೂ ತಲುಪಿಸಿದರು. ಕೇಳಿದ ಬಾಡಿಗೆಯೂ ನ್ಯಾಯವಾಗಿತ್ತು.

ಸರ್ಟಿಫಿಕೇಟು, ಗುರುತಿನ ಕಾಗದ, ಔಷಧಿ, ಲ್ಯಾಪ್‌ಟಾಪ್, ಚಾರ್ಜರ್, ಕೈಗೆ ಒಂದಷ್ಟು ದುಡ್ಡು, ಇವನ್ನು ಒಂದೇ ಚೀಲದಲ್ಲಿ ಹಾಕಿ ಕಾಲ ಬಳಿ ಇಟ್ಟುಕೊಂಡಿದ್ದೆವು. ನೀವೂ ಹಾಗೇ ಮಾಡಿ. ಸಾಮಾನಿನ ನಡುವೆ ಸಿಕ್ಕಿಕೊಂಡಿದ್ದರೆ ಆ ಗಡಿಬಿಡಿಯಲ್ಲಿ ಏನು ಎಲ್ಲಿ ಹೋಗುತ್ತಿತ್ತೋ.

ಊರು ಸೇರಿದ ಮೇಲೆ ಡಿಪಾಸಿಟ್ ಕೇಳಿದೆವು. ಟೈರು ಹಾಳು ಮಾಡಿದ್ದೀರಿ, ಭಾರ ಜಾಸ್ತಿ ಹಾಕಿದ್ದೀರಿ, ಎಳೆದು ತಂದ ಖರ್ಚು ಬೇರೆ, ನೀವೇ ಇನ್ನೂ ಕೊಡಬೇಕು ಅಂತ ಪಟ್ಟಿ ಕಳಿಸಿದರು. ಆಗ ಅಣ್ಣ ಹೊರಡುವ ಮೊದಲು ತೆಗೆದ ಫೋಟೊಗಳನ್ನು ದೊಡ್ಡದು ಮಾಡಿ ನೋಡಿದ. ಸಿಡಿದ ಟೈರಿನ ಮೇಲಿನ ನಾಲ್ಕು ಅಂಕಿ ಸ್ಪಷ್ಟವಾಗಿ ಕಾಣುತ್ತಿದ್ದವು. ನಾವು ಹೊರಟ ದಿನಕ್ಕೆ ಆ ಟೈರಿಗೆ 10 ವರ್ಷ ದಾಟಿತ್ತು. ಆ ಫೋಟೊ, ಅದನ್ನು ತೆಗೆದ ದಿನ ಮತ್ತು ಸಮಯ, ಗಾಳಿಯಿಲ್ಲದ ಸ್ಟೆಪ್ನಿಯ ಫೋಟೊ, ಎಲ್ಲವನ್ನೂ ಈಮೇಲ್‌ನಲ್ಲಿ ಕಳಿಸಿ, ಈ ಟೈರನ್ನು ಯಾವಾಗ ಯಾರು ಚೆಕ್ ಮಾಡಿದರು ಅಂತ ಬರಹದಲ್ಲೇ ಉತ್ತರ ಕೊಡಿ ಅಂದೆವು. ಫೋನಿನಲ್ಲಿ ಅಷ್ಟು ಜೋರಾಗಿ ಮಾತಾಡಿದವರು ಆ ಪತ್ರಕ್ಕೆ ಬಹಳ ದಿನ ಸುಮ್ಮನಿದ್ದರು. ಫೋನಿನಲ್ಲಿ ವಾದಕ್ಕೆ ಹೋಗಬೇಡಿ, ಎಲ್ಲವೂ ಬರಹದಲ್ಲಿರಲಿ. ಸಹಿ ಹಾಕುವ ಮೊದಲೇ ಒಪ್ಪಂದದಲ್ಲಿ ಮೂರು ವಿಷಯ ಹುಡುಕಿ: ದಾರಿಯಲ್ಲಿ ಗಾಡಿ ಕೆಟ್ಟರೆ ಬದಲಿ ಗಾಡಿ ಯಾರು ಕೊಡುತ್ತಾರೆ, ಸಾಮಾನನ್ನು ಅದಕ್ಕೆ ಸಾಗಿಸುವುದು ಯಾರ ಖರ್ಚು, ವಿಮೆ ಗಾಡಿಗೆ ಮಾತ್ರವೋ ಒಳಗಿನ ಸಾಮಾನಿಗೂ ಇದೆಯೋ. ನಮ್ಮದರಲ್ಲಿ ಮೊದಲೆರಡರ ಸುದ್ದಿಯೇ ಇರಲಿಲ್ಲ, ಮೂರನೆಯದು ಗಾಡಿಗೆ ಮಾತ್ರ.

ಡಿಪಾಸಿಟ್‌ನಲ್ಲಿ ಅರ್ಧ ವಾಪಸ್ ಬಂದಿದೆ. ಅವರು ಕೇಳಿದ್ದ ಹೆಚ್ಚಿನ ಹಣದ ಮಾತು ಈಗ ಎತ್ತುತ್ತಿಲ್ಲ. ಉಳಿದ ಅರ್ಧಕ್ಕೆ ಗ್ರಾಹಕರ ದೂರು ಕೊಟ್ಟಿದ್ದೇವೆ, ಆ ಸಿಡಿದ ಟೈರಿನ ತುಂಡೊಂದನ್ನೂ ಅಣ್ಣ ಎತ್ತಿಟ್ಟುಕೊಂಡಿದ್ದಾನೆ.