ಮನೆ ಮಾಡಿದ ವ್ಯಾನ್ ಕೊಳ್ಳುವ ಮುಂಚೆ ಒಂದು ಹಲಗೆ ಬಿಚ್ಚಿಸಿ ನೋಡಿ

ನಾನು ಮತ್ತು ನನ್ನ ತಮ್ಮ ವ್ಯಾನ್‌ನಲ್ಲೇ ಇರುವವರು. ರಜೆಗೆ ಹೋಗಿ ಬರುವ ಲೆಕ್ಕ ಅಲ್ಲ, ನಮಗೆ ಅದೇ ಮನೆ. ಅವನಿಗೊಂದು, ನನಗೊಂದು. ಹಗಲು ಒಬ್ಬರ ಹಿಂದೆ ಒಬ್ಬರು ಓಡಿಸುತ್ತೇವೆ, ರಾತ್ರಿ ಪಕ್ಕಪಕ್ಕದಲ್ಲಿ ನಿಲ್ಲಿಸುತ್ತೇವೆ. ಜಗಳ ಆದರೆ ಅವರವರ ಬಾಗಿಲು ಹಾಕಿಕೊಳ್ಳಬಹುದು. ಒಡಹುಟ್ಟಿದವರು ಹೀಗೆ ಬದುಕುವುದಾದರೆ ಎರಡು ವ್ಯಾನ್ ಇರಲೇಬೇಕು ಅಂತ ಈಗಲೂ ಹೇಳುತ್ತೇನೆ.

ಆದರೆ ಮೊದಲ ಚಳಿಗಾಲದಲ್ಲಿ, ಒಂದೇ ವಾರದಲ್ಲಿ, ಎರಡು ಸಲ ಸಾಯುವುದರಿಂದ ಸ್ವಲ್ಪದರಲ್ಲಿ ತಪ್ಪಿಸಿಕೊಂಡೆವು. ಒಂದು ಸಲ ಬೆಂಕಿ, ಇನ್ನೊಂದು ಸಲ ಹೊಗೆ. ಅದರಲ್ಲಿ ಮಾರಿದವನ ಪಾಲು ದೊಡ್ಡದು. ನಮ್ಮ ಪಾಲೂ ಚಿಕ್ಕದೇನಲ್ಲ. ಎರಡನ್ನೂ ಬರೆಯುತ್ತೇನೆ.

ಎರಡೂ ವ್ಯಾನ್ ಒಬ್ಬನ ಹತ್ತಿರವೇ ಕೊಂಡೆವು. ಮಾಲು ಸಾಗಿಸುವ ಹಳೇ ವ್ಯಾನ್ ತಂದು, ಒಳಗೆ ಮಂಚ, ಅಡುಗೆ ಕಟ್ಟೆ, ಲೈಟು ಎಲ್ಲ ಕೂರಿಸಿ ಮಾರುವುದು ಅವನ ಕೆಲಸ. ಒಳಗೆ ಕಾಲಿಟ್ಟರೆ ಮರದ ವಾಸನೆ. ಗೋಡೆಗೆಲ್ಲ ಹಲಗೆ, ಹಲಗೆಯ ಅಂಚಿಗೆ ಹಳದಿ ಲೈಟಿನ ಪಟ್ಟಿ. ನಾನು ಡ್ರಾಯರ್ ಎಳೆದು ಎಳೆದು ನೋಡಿದೆ. ಹಾಸಿಗೆ ಮೇಲೆ ಮಲಗಿ ನೋಡಿದೆ. ತಮ್ಮ ಬಾನೆಟ್ ಎತ್ತಿ ಎಂಜಿನ್ ನೋಡಿದ, ಕೆಳಗೆ ತೂರಿ ತುಕ್ಕು ಹಿಡಿದಿದೆಯಾ ಅಂತ ನೋಡಿದ, ಟೈರಿನ ಪಕ್ಕದ ನಾಲ್ಕಂಕಿ ಓದಿ ಯಾವ ವರ್ಷದ ಎಷ್ಟನೇ ವಾರ ತಯಾರಾದದ್ದು ಅಂತಲೂ ಹೇಳಿದ. ಇಷ್ಟೆಲ್ಲ ಗೊತ್ತಿರುವವನು ವೈರಿಂಗ್ ನೋಡಿರಲ್ವಾ ಅಂತ ನಾನು ಸುಮ್ಮನಾದೆ. ಮಾರುವವನ ಜೊತೆ ಒಂದು ಗಂಟೆ ಕೂತು ಮಾತಾಡಿದವಳು ಅಕ್ಕ, ಅವಳು ಎಲ್ಲ ಕೇಳಿರ್ತಾಳೆ ಅಂತ ಅವನು ಸುಮ್ಮನಾದ. ಹಲಗೆಯ ಹಿಂದೆ ಏನಿದೆ ಅಂತ ಇಬ್ಬರೂ ನೋಡಲಿಲ್ಲ. ಒಬ್ಬಳೇ ಹೋಗಿದ್ದರೆ ಭಯಕ್ಕಾದರೂ ಯಾರಾದರೂ ಎಲೆಕ್ಟ್ರಿಷಿಯನ್‌ನ ಕರೆದುಕೊಂಡು ಹೋಗಿರುತ್ತಿದ್ದೆ.

ಆಮೇಲೆ ಸಂಸಾರ ಹೂಡಿದೆವು. ಇಲ್ಲಿ ನಮ್ಮ ಜಾಣತನ ಶುರು. ಇಬ್ಬರಿಗೂ ಸೇರಿ ಒಂದು ಸಾಕಲ್ಲ ಅನ್ನುವುದು ನಮ್ಮ ಮಂತ್ರ. ಟೂಲ್ ಬಾಕ್ಸ್ ಒಂದು, ನನ್ನ ಮಂಚದ ಕೆಳಗೆ. ದೊಡ್ಡ ನೀರಿನ ಟ್ಯಾಂಕ್ ಒಂದು, ನನ್ನಲ್ಲಿ. ದೊಡ್ಡ ಇನ್ವರ್ಟರ್ ಒಂದು, ಅದೂ ನನ್ನಲ್ಲಿ. ಹೀಟರ್ ಒಂದು, ಅವನಲ್ಲಿ. ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿ ಸೇರಿಕೊಂಡರೆ ಕೂಗುವ ಅಲಾರಂ ಒಂದು, ಹೀಟರ್ ಇರುವ ಕಡೆ ತಾನೇ ಬೇಕು ಅಂತ ಅದೂ ಅವನಲ್ಲಿ. ಎರಡು ವ್ಯಾನ್ ಕೊಂಡು, ಒಂದು ಮನೆಯನ್ನು ಎರಡು ಭಾಗ ಮಾಡಿ ಹಂಚಿಟ್ಟಿದ್ದೆವು. ಒಂದು ಕೆಟ್ಟರೆ ಇನ್ನೊಂದಕ್ಕೆ ಹೋಗಬಹುದು ಅನ್ನುವ ಧೈರ್ಯ ಬೇರೆ!

ಆ ವಾರ ಮೂರು ದಿನ ಮೋಡ. ಸೋಲಾರ್ ಪ್ಯಾನೆಲ್ ಇದ್ದೂ ಇಲ್ಲದ ಹಾಗೆ. ತಮ್ಮನ ಬ್ಯಾಟರಿ ಇಳಿದು ಹೋಗಿತ್ತು. ನನ್ನ ಇನ್ವರ್ಟರಿನಿಂದ ಒಂದು ಎಕ್ಸ್‌ಟೆನ್ಷನ್ ಎಳೆದು ಅವನ ಚಾರ್ಜರ್‌ಗೆ ಕೊಟ್ಟಿದ್ದೆ. ಅದು 400 ವ್ಯಾಟ್ ಎಳೆಯುತ್ತಿತ್ತು. ಸಂಜೆ ನೀರು ಕಾಯಿಸೋಣ ಅಂತ ನಾನು ಕರೆಂಟ್ ಕೆಟಲ್ ಹಾಕಿದೆ. ಅದು 1500.

ಇನ್ವರ್ಟರ್ ಮೇಲೆ 2000 ವ್ಯಾಟ್ ಅಂತ ಬರೆದಿದೆ, 1900 ಎಳೆದರೆ ಏನಾಗುತ್ತೆ ಅಲ್ವಾ? ಇನ್ವರ್ಟರ್‌ಗೆ ಏನೂ ಆಗಲಿಲ್ಲ. ಕಷ್ಟ ಬಂದದ್ದು ಬ್ಯಾಟರಿಯಿಂದ ಅದಕ್ಕೆ ಬರುವ ತಂತಿಗೆ. ಮನೆಯ ಗೋಡೆಯ ಕರೆಂಟಿನಲ್ಲಿ 1900 ವ್ಯಾಟ್ ಅಂದರೆ ಎಂಟೊಂಬತ್ತು ಆಂಪಿಯರ್ ಆಗಬಹುದು. 12 ವೋಲ್ಟ್ ಬ್ಯಾಟರಿಯಲ್ಲಿ ಅಷ್ಟೇ ವ್ಯಾಟಿಗೆ 158 ಆಂಪಿಯರ್ ಬೇಕು. ಇನ್ವರ್ಟರ್ ತಾನು ತಿನ್ನುವುದೂ ಸೇರಿದರೆ 170 ದಾಟುತ್ತದೆ. ಅಷ್ಟು ಹೊರಬೇಕಾದರೆ ಹೆಬ್ಬೆರಳು ಗಾತ್ರದ ಕೇಬಲ್ ಬೇಕು, 50 ಅಥವಾ 70 ಸ್ಕ್ವೇರ್ ಎಂಎಂ. ನಮ್ಮಲ್ಲಿ ಹಾಕಿದ್ದು 16.

ಒಂದು ಲೀಟರ್ ನೀರು ಕುದಿಯೋಕೆ ನಾಲ್ಕೈದು ನಿಮಿಷ ಸಾಕು. ಕುದಿಯುವ ಮುಂಚೆಯೇ ತಮ್ಮ ಹೊರಗಿನಿಂದ ಕೂಗಿದ. "ಅಕ್ಕಾ, ಏನೋ ಸುಟ್ಟ ವಾಸನೆ ಬರ್ತಿದೆ ಕಣಕ್ಕಾ!" ತಿರುಗಿ ನೋಡಿದರೆ ಹಲಗೆಯ ಸಂದಿನಿಂದ ಹೊಗೆ, ದಾರದ ಹಾಗೆ ತೆಳ್ಳಗೆ. ಇನ್ವರ್ಟರ್ ಆಫ್ ಮಾಡಿದೆ. ಹೊಗೆ ನಿಲ್ಲಲಿಲ್ಲ, ಜಾಸ್ತಿ ಆಯಿತು. ಯಾಕೆ ಅಂತ ಆಮೇಲೆ ಗೊತ್ತಾಯಿತು. ತಂತಿಯ ಮೇಲಿನ ಪ್ಲಾಸ್ಟಿಕ್ ಕರಗಿ, ಒಳಗಿನ ತಾಮ್ರ ವ್ಯಾನಿನ ತಗಡಿಗೆ ತಾಗಿತ್ತು. ಫ್ಯೂಸ್ ಇತ್ತು. ಆದರೆ ಅದನ್ನು ಹಾಕಿದ್ದು ಇನ್ವರ್ಟರ್ ಪಕ್ಕದಲ್ಲಿ, ತಂತಿ ಮುಗಿಯುವ ಕಡೆ. ಶಾರ್ಟ್ ಆದದ್ದು ಅದಕ್ಕಿಂತ ಮುಂಚೆ. ಫ್ಯೂಸ್ ಇರುವುದು ಯಂತ್ರ ಕಾಯುವುದಕ್ಕಿಂತ ಹೆಚ್ಚಾಗಿ ತಂತಿ ಕಾಯುವುದಕ್ಕೆ. ಅದಕ್ಕೇ ಅದು ಬ್ಯಾಟರಿಯ ಪ್ಲಸ್ ತುದಿಗೆ ಒಂದು ಗೇಣಿನೊಳಗೆ ಇರಬೇಕು. ಇಲ್ಲದಿದ್ದರೆ ಬ್ಯಾಟರಿ ತನ್ನಲ್ಲಿರುವುದನ್ನೆಲ್ಲ ಆ ತಂತಿಗೆ ಸುರಿಯುತ್ತಲೇ ಇರುತ್ತದೆ.

ಬ್ಯಾಟರಿ ಕಳಚಬೇಕು. ಮೇನ್ ಸ್ವಿಚ್ ಇಲ್ಲ. "13ರ ಸ್ಪ್ಯಾನರ್ ಎಲ್ಲಿ?" ಅಂದ ತಮ್ಮ. ಸ್ಪ್ಯಾನರ್ ಟೂಲ್ ಬಾಕ್ಸಿನಲ್ಲಿ, ಟೂಲ್ ಬಾಕ್ಸ್ ನನ್ನ ಮಂಚದ ಕೆಳಗೆ, ಮಂಚ ಹೊಗೆಯ ಆಚೆ. ಬೆಂಕಿ ನಂದಿಸುವ ಸಿಲಿಂಡರೂ ಅದರ ಪಕ್ಕದಲ್ಲೇ. ಅಷ್ಟರಲ್ಲಿ ಒಳಗೆ ಟಪ್ ಅಂತ ಸದ್ದಾಯಿತು. ತಂತಿ ತಾನೇ ಸುಟ್ಟು ತುಂಡಾಗಿತ್ತು. ಫ್ಯೂಸ್ ಮಾಡಬೇಕಿದ್ದ ಕೆಲಸವನ್ನು ಕೊನೆಗೆ ತಂತಿಯೇ ಮಾಡಿತು. ಹಲಗೆ ಮಾತ್ರ ಉರಿಯುತ್ತಿತ್ತು. ತಮ್ಮ ಅವನ ವ್ಯಾನಿನ ಬಾಗಿಲ ಬಳಿ ಇದ್ದ ಸಿಲಿಂಡರ್ ತಂದು ಪೂರ್ತಿ ಖಾಲಿ ಮಾಡಿದ. ಇಬ್ಬರಿಗೂ ಸೇರಿ ಒಂದು ಅನ್ನದೆ ಎರಡು ಇಟ್ಟುಕೊಂಡಿದ್ದ ವಸ್ತು ಅದೊಂದೇ. ಅದೂ ಮಾರಿದವನು ಎರಡರಲ್ಲೂ ಇಟ್ಟು ಕೊಟ್ಟಿದ್ದರಿಂದ.

ಆರಿದ ಮೇಲೆ ಹಲಗೆ ಕಿತ್ತು ನೋಡಿದೆವು. ತಂತಿಯ ತುದಿಗೆ ಹಾಕುವ ತಾಮ್ರದ ಲಗ್ ಇರುತ್ತಲ್ಲ, ಅದು ಚಿಕ್ಕದಾಗಿದೆ ಅಂತ ಪುಣ್ಯಾತ್ಮ ತಂತಿಯ ಎಳೆಗಳನ್ನೇ ಕತ್ತರಿಸಿ ತೂರಿಸಿದ್ದ. ಅರ್ಧದಷ್ಟು ಎಳೆ ಹೊರಗೇ ಮೊಂಡಾಗಿ ನಿಂತಿದ್ದವು. ಲಗ್ಗನ್ನು ಒತ್ತಿದ್ದು ಸುತ್ತಿಗೆಯಲ್ಲಿ, ಪೆಟ್ಟಿನ ಗುರುತು ಕಾಣುತ್ತಿತ್ತು. ಅದರ ಸುತ್ತ ಹಲಗೆಯ ಹಿಂಬದಿಯಲ್ಲಿ ಕಂದು ಬಣ್ಣದ ಉಂಗುರ, ಹೊರಗೆ ಹೋದಂತೆ ತಿಳಿ. ಆ ಉಂಗುರ ಒಂದು ದಿನದ್ದಲ್ಲ. ಕೆಟಲ್ ಹಾಕಿದಾಗಲೆಲ್ಲ ಅದು ಸ್ವಲ್ಪ ಸ್ವಲ್ಪ ಬೇಯುತ್ತಾ ಬಂದಿತ್ತು. ಅದರಿಂದ ಎರಡು ಅಡಿ ದೂರದಲ್ಲಿ ನನ್ನ ತಲೆದಿಂಬು.

ಅವತ್ತು ರಾತ್ರಿ ತಮ್ಮನ ವ್ಯಾನಿನಲ್ಲಿ ಮಲಗಿದೆ. ಒಬ್ಬರಿಗೆ ಮಾಡಿದ ಜಾಗದಲ್ಲಿ ಇಬ್ಬರು. ಚಳಿ ಅಂತ ಕಿಟಕಿ ಹಾಕಿ ಡೀಸೆಲ್ ಹೀಟರ್ ಹಚ್ಚಿದೆವು. ಬೆಳಿಗ್ಗೆ ಇಬ್ಬರಿಗೂ ತಲೆನೋವು, ವಾಂತಿ ಬರುವ ಹಾಗೆ. ನಿನ್ನೆಯ ಹೊಗೆ ಕುಡಿದದ್ದಲ್ವಾ ಅಂದುಕೊಂಡೆವು. ಹೊರಗೆ ಅರ್ಧ ಗಂಟೆ ಓಡಾಡಿದ ಮೇಲೆ ಕಮ್ಮಿ ಆಯಿತು. ಎರಡನೇ ದಿನವೂ ಹಾಗೇ. ಒಳಗೆ ಎಂಥದೋ ಮಂದ ಹೊಗೆ ವಾಸನೆ. ನಮ್ಮ ಬಟ್ಟೆಗೆ, ಕೂದಲಿಗೆ, ಹೊದಿಕೆಗೆಲ್ಲ ಸುಟ್ಟ ವಾಸನೆ ಹತ್ತಿತ್ತು, ಹಾಗಾಗಿ ಯಾವುದು ಹೊಸದು ಯಾವುದು ಹಳೆಯದು ಅಂತ ಮೂಗಿಗೂ ಗೊತ್ತಾಗಲಿಲ್ಲ. ಅಲಾರಂ ಬಟನ್ ಒತ್ತಿ ನೋಡಿದೆ. ಬೀಪ್ ಅಂತು. ಸರಿಯಾಗಿದೆ ಅಂತ ಬಿಟ್ಟೆ.

ಮೂರನೇ ಬೆಳಿಗ್ಗೆ ತಮ್ಮ ಶೂ ಲೇಸ್ ಕಟ್ಟೋಕೆ ಕೂತ. ಎರಡು ತುದಿ ಕೈಯಲ್ಲಿ ಹಿಡಿದು ಸುಮ್ನೆ ನೋಡುತ್ತಾ ಕೂತುಬಿಟ್ಟ. "ಏನೋ?" ಅಂದೆ. "ಇದನ್ನ ಹೆಂಗೆ ಕಟ್ಟೋದು ಅಕ್ಕ?" ಅಂದ. ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಮುಖ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ.

ಅವನನ್ನು ಹೊರಗೆ ಎಳೆದು ಕೂರಿಸಿದೆ. ಬಾಗಿಲೆಲ್ಲ ತೆರೆದಿಟ್ಟು ಅಲ್ಲಿಂದ ನೇರ ಆಸ್ಪತ್ರೆಗೆ ಹೋದೆವು. ಇಬ್ಬರಿಗೂ ಆಕ್ಸಿಜನ್ ಹಾಕಿದರು. ಆ ದಿನದ ಬಗ್ಗೆ ಇಷ್ಟೇ ಬರೆಯುತ್ತೇನೆ.

ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಮಗೆ ಬರುತ್ತಿದ್ದದ್ದು ಡೀಸೆಲ್ ಉರಿದ ಬೇರೆ ಹೊಗೆಯ ವಾಸನೆ, ವಿಷ ಅದರ ಜೊತೆಗೆ ಸದ್ದಿಲ್ಲದೆ ಬರುತ್ತಿತ್ತು. ಹೀಟರಿನ ಹೊಗೆ ಕೊಳವೆಯನ್ನು ವ್ಯಾನಿನ ಅಂಚು ದಾಟಿಸಿ ಹೊರಗೆ ಬಿಡಬೇಕು. ಮಾರಿದವನು ನಡುವೆ, ನೆಲದ ಕೆಳಗೇ ಬಿಟ್ಟಿದ್ದ. ಕೊಳವೆ ಹೋಗಲು ಕೊರೆದ ತೂತಿನ ಸುತ್ತ ಸೀಲ್ ಕೂಡ ಮಾಡಿರಲಿಲ್ಲ. ಗಾಳಿ ಆಡದ ರಾತ್ರಿ ಹೊಗೆ ಅಡಿಯಲ್ಲೇ ನಿಂತು ಆ ತೂತಿನಿಂದ ಮೇಲೆ ಬರುತ್ತಿತ್ತು. ಹಿಂದಿನ ದಿನಗಳಲ್ಲಿ ತಮ್ಮ ಕಿಟಕಿ ಸಂದು ಬಿಟ್ಟು ಮಲಗುತ್ತಿದ್ದ, ಅದಕ್ಕೇ ಬದುಕಿದ. ಅಕ್ಕನಿಗೆ ಚಳಿ ಆಗುತ್ತೆ ಅಂತ ಆ ಮೂರು ರಾತ್ರಿ ಮುಚ್ಚಿದ್ದ.

ಅಲಾರಂ ವಿಷಯ ಹೇಳಲೇಬೇಕು. ಬಟನ್ ಒತ್ತಿದಾಗ ಬೀಪ್ ಬಂದರೆ ಬ್ಯಾಟರಿ ಸರಿ ಇದೆ, ಸದ್ದು ಬರುತ್ತೆ ಅಂತ ಅಷ್ಟೇ. ಗಾಳಿಯಲ್ಲಿ ವಿಷ ಇದೆಯಾ ಅಂತ ಮೂಸುವ ಸೆನ್ಸರ್ ಬೇರೆ. ಅದಕ್ಕೆ ವಯಸ್ಸಾಗುತ್ತದೆ. ಹೆಚ್ಚಿನವು ಐದರಿಂದ ಹತ್ತು ವರ್ಷ ಬಾಳುತ್ತವೆ, ಯಾವ ವರ್ಷ ಬದಲಿಸಬೇಕು ಅಂತ ಹಿಂಬದಿಯಲ್ಲಿ ಅಚ್ಚಾಗಿರುತ್ತದೆ. ನಮ್ಮದನ್ನು ಗೋಡೆಯಿಂದ ಕಳಚಿ ತಿರುಗಿಸಿದರೆ, ಆ ವರ್ಷ ಕಳೆದು ಆರು ವರ್ಷ ಆಗಿತ್ತು. ಮಾರಿದವನು ಎಲ್ಲಿಂದಲೋ ಕಿತ್ತು ತಂದು ಹಾಕಿದ್ದ.

ಹೊಸದು ತಂದು, ನಾವು ಹೊರಗೆ ನಿಂತು, ಒಳಗೆ ಹೀಟರ್ ಹಚ್ಚಿ ಕಿಟಕಿಯಿಂದ ನೋಡಿದೆವು. ಅಂಕಿ ಮೆಲ್ಲಗೆ ಏರಿ 110 ಪಿಪಿಎಂಗೆ, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ 110 ಪಾಲು ವಿಷಕ್ಕೆ, ನಿಂತಿತು. ಇಪ್ಪತ್ತು ನಿಮಿಷದ ಹೊತ್ತಿಗೆ ಕೂಗತೊಡಗಿತು. ತಡವಾಯಿತು ಅನ್ನಬೇಡಿ, ಅದರ ಲೆಕ್ಕವೇ ಹಾಗೆ. ಯುರೋಪಿನ ಮಾನದಂಡದ ಪ್ರಕಾರ 50 ಪಿಪಿಎಂ ಇದ್ದರೆ 60ರಿಂದ 90 ನಿಮಿಷದ ನಡುವೆ, 100 ಇದ್ದರೆ 10ರಿಂದ 40 ನಿಮಿಷದ ನಡುವೆ, 300 ಇದ್ದರೆ ಮೂರು ನಿಮಿಷದೊಳಗೆ ಕೂಗಬೇಕು. ಅಂಕಿ ತೋರಿಸುವ ಅಲಾರಂ ತಗೊಳ್ಳಿ. ಕೂಗುವ ಮುಂಚೆಯೇ ಗೊತ್ತಾಗುತ್ತದೆ.

ಮಾರಿದವನಿಗೆ ಫೋನ್ ಮಾಡಿದೆ. ನೀವು ಕೆಟಲ್ ಹಾಕಬಾರದಿತ್ತು ಮೇಡಂ ಅಂದ. ಕೆಟಲ್ ಹಾಕಬಾರದಿದ್ದರೆ 2000 ವ್ಯಾಟಿನ ಇನ್ವರ್ಟರ್ ಯಾಕೆ ಕೊಟ್ಟೆ ಅಂದದ್ದಕ್ಕೆ ಕಟ್ ಮಾಡಿದ. ಇನ್ಶೂರೆನ್ಸ್‌ನವರೂ ಕೈ ಎತ್ತಿದರು. ಕಾಗದದಲ್ಲಿ ನಮ್ಮದು ಇನ್ನೂ ಖಾಲಿ ಮಾಲು ವ್ಯಾನ್. ಒಳಗೆ ಮನೆ ಮಾಡಿದ ವಿಷಯ ಅವರಿಗೆ ತಿಳಿಸಿರಲೇ ಇಲ್ಲ. ಕಾಗದದ ಕೆಲಸ ತಮ್ಮನದು, ಅವನು ಮಾಡಿರ್ತಾನೆ ಅಂತ ನಾನು. ಮಾರುವವನು ಮಾಡಿ ಕೊಟ್ಟಿರ್ತಾನೆ ಅಂತ ಅವನು. ನೀನು ನೋಡಬೇಕಿತ್ತು, ಇಲ್ಲ ನೀನು ನೋಡಬೇಕಿತ್ತು ಅಂತ ಎರಡು ದಿನ ಕಿತ್ತಾಡಿ, ಆಮೇಲೆ ಎರಡು ದಿನ ಮಾತು ಬಿಟ್ಟೆವು. ಒಂದೇ ವ್ಯಾನಿನಲ್ಲಿ ಇದ್ದುಕೊಂಡು ಮಾತು ಬಿಡುವುದು ಎಷ್ಟು ಕಷ್ಟ ಗೊತ್ತಾ? ನೀರಿನ ಬಾಟಲಿ ಕೊಡು ಅನ್ನೋಕೂ ಆಗಲ್ಲ.

ಈಗ ಎರಡನ್ನೂ ಬಿಚ್ಚಿ ಮತ್ತೆ ಕಟ್ಟಿಸಿದ್ದೇವೆ. ಬ್ಯಾಟರಿ ಪಕ್ಕದಲ್ಲೇ ಫ್ಯೂಸ್, ಬಾಗಿಲ ಬಳಿಯಿಂದ ಕೈಗೆ ಎಟುಕುವ ಮೇನ್ ಸ್ವಿಚ್. ಸಿಲಿಂಡರ್ ಬಾಗಿಲ ಬಳಿ, ಅಲಾರಂ ಎರಡರಲ್ಲೂ. 13ರ ಸ್ಪ್ಯಾನರ್ ಎರಡು ಕೊಂಡೆವು, ಬ್ಯಾಟರಿ ಪೆಟ್ಟಿಗೆಗೆ ದಾರ ಕಟ್ಟಿ ನೇತು ಹಾಕಿದ್ದೇವೆ. ನೀರನ್ನೂ ಹಂಚಿಕೊಂಡೆವು. ಲೀಟರಿಗೆ ಒಂದು ಕೆಜಿಯಂತೆ ನನ್ನ ಟ್ಯಾಂಕ್ ಒಂದೇ 120 ಕೆಜಿ ಇತ್ತು, ತೂಕ ಹಾಕಿಸಿದಾಗ ನನ್ನ ವ್ಯಾನ್ ಹೊರಬೇಕಾದ್ದಕ್ಕಿಂತ ಜಾಸ್ತಿ ಹೊತ್ತಿತ್ತು. ತಿಂಗಳಿಗೊಮ್ಮೆ ನಾನು ಅವನ ವ್ಯಾನ್ ನೋಡುತ್ತೇನೆ, ಅವನು ನನ್ನದು. ಇನ್ವರ್ಟರ್ ಜೋರಾಗಿ ಓಡುವಾಗ ಕೇಬಲ್ಲಿನ ಹೊರಮೈ ಮೇಲೆ ಕೈಯ ಹಿಂಬದಿ ತಾಗಿಸಿ, ಬಿಸಿ ಇದೆಯಾ ಅಂತ ನೋಡುತ್ತೇವೆ.

ಕೊಳ್ಳೋಕೆ ಹೊರಟವರು ಇಷ್ಟು ಮಾಡಿ. ಒಂದು ಹಲಗೆ ಬಿಚ್ಚಿ ತೋರಿಸು ಅನ್ನಿ. ಸ್ಕ್ರೂ ಹಾಕಿದ್ದರೆ ಐದು ನಿಮಿಷದ ಕೆಲಸ. ಹಾಳಾಗುತ್ತೆ, ಅಂಟು ಹಾಕಿದ್ದೀನಿ, ಅದೆಲ್ಲ ಸರಿಯಾಗಿದೆ ಅಂತ ನೆಪ ಹೇಳಿದರೆ ಬೇಡ ಅಂತ ಬಂದುಬಿಡಿ. ವೈರಿಂಗ್ ಮಾಡುವಾಗ ತೆಗೆದ ಫೋಟೋ ಕೇಳಿ. ಕೆಲಸ ಗೊತ್ತಿರುವವರು ಮುಚ್ಚುವ ಮುಂಚೆ ಫೋಟೋ ತೆಗೆದಿಟ್ಟಿರುತ್ತಾರೆ.

ಮೊನ್ನೆ ತಮ್ಮ ಫೋನ್ ತಂದು ತೋರಿಸಿದ. ಅದೇ ಮಾರಾಟಗಾರನ ಹೊಸ ಜಾಹೀರಾತು. ಅದೇ ಮರದ ಹಲಗೆ, ಅದೇ ಹಳದಿ ಲೈಟಿನ ಪಟ್ಟಿ. "ಜೋಡಿ ವ್ಯಾನ್, ಸ್ನೇಹಿತರಿಗೆ, ಒಡಹುಟ್ಟಿದವರಿಗೆ ಸೂಕ್ತ" ಅಂತ ಬರೆದಿದ್ದಾನೆ. ಹದಿನಾಲ್ಕು ಫೋಟೋ ಇದೆ. ಒಂದರಲ್ಲೂ ಬ್ಯಾಟರಿ ಪೆಟ್ಟಿಗೆ ತೆರೆದಿಲ್ಲ.