ಎಂಎಸ್-ಎಸ್‌ಎಂಬಿ2 ದಾಖಲೆ: ವರ್ಷಗಟ್ಟಲೆ ಬಳಸಿದವನ ಅನಿಸಿಕೆ

ಫೈಲ್ ಸರ್ವರ್‌ಗೆ ಕೋಡ್ ಬರೆಯುವುದು ನನ್ನ ಕೆಲಸ. ವಿಂಡೋಸ್ ಯಂತ್ರಗಳು ಫೈಲ್ ಹಂಚಿಕೊಳ್ಳುವಾಗ ಪಾಲಿಸುವ ನಿಯಮಗಳ, ಅಂದರೆ ಪ್ರೊಟೊಕಾಲ್‌ ಬಗ್ಗೆ ಮೈಕ್ರೋಸಾಫ್ಟ್ ಉಚಿತವಾಗಿ ಪ್ರಕಟಿಸಿರುವ ಎಂಎಸ್-ಎಸ್‌ಎಂಬಿ2 ದಾಖಲೆಯನ್ನು ತೆರೆಯದ ದಿನ ಕಡಿಮೆ.

ಹೊಸಬರು ಹೆಚ್ಚಾಗಿ ಎರಡನೇ ಅಧ್ಯಾಯದಲ್ಲೇ ನಿಂತುಬಿಡುತ್ತಾರೆ. ಸಂದೇಶದ ಮೊದಲಿಗೆ ಬರುವ 64 ಬೈಟ್‌ಗಳ ಹೆಡರ್, ಕಮಾಂಡ್‌ಗಳು, ಯಾವ ಫೀಲ್ಡ್ ಎಷ್ಟುದ್ದ ಎಂಬುದೆಲ್ಲ ಅಲ್ಲಿದೆ. ಅಷ್ಟನ್ನು ನೆಟ್‌ವರ್ಕ್‌ನಲ್ಲಿ ಹರಿಯುವುದನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ತಂತ್ರಾಂಶ ಕೂಡ ಬಿಡಿಸಿ ತೋರಿಸುತ್ತದೆ. ನನ್ನನ್ನು ಕಾಪಾಡಿದ್ದು ಮೂರನೇ ಅಧ್ಯಾಯ. ಫೈಲ್ ತೆರೆಯಲು ಅಥವಾ ಹೊಸದಾಗಿ ಮಾಡಲು ಕೇಳುವ ಕ್ರಿಯೇಟ್ ವಿನಂತಿ ಬಂದಾಗ ಸರ್ವರ್ ಮೊದಲು ಏನನ್ನು ಪರೀಕ್ಷಿಸಬೇಕು, ಆಮೇಲೆ ಏನನ್ನು, ಯಾವ ಹಂತದಲ್ಲಿ ತಪ್ಪಿದರೆ ಯಾವ ಎರರ್ ಕೋಡ್ ಕಳಿಸಬೇಕು ಎಂಬುದು ಅಲ್ಲಿ ಹೆಜ್ಜೆಹೆಜ್ಜೆಯಾಗಿ ಇದೆ. ಸೆಷನ್ ಸೆಟಪ್‌ನಲ್ಲಿ, ಅಂದರೆ ಲಾಗಿನ್ ಆಗುವ ಹಂತದಲ್ಲಿ, ‘ಮೋರ್ ಪ್ರೊಸೆಸಿಂಗ್ ರಿಕ್ವೈರ್ಡ್’ ಎಂಬ ಸ್ಟೇಟಸ್ ಕಂಡರೆ ಲಾಗಿನ್ ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ, ದೃಢೀಕರಣ ಇನ್ನೂ ನಡೆಯುತ್ತಿದೆ ಎಂದಷ್ಟೇ ಅರ್ಥ. ಇದೂ ಅಲ್ಲೇ ತಿಳಿಯುತ್ತದೆ. ಕೊನೆಯ ಅನುಬಂಧವನ್ನಂತೂ ಯಾರೂ ಬಿಡಬಾರದು. ಯಾವ ವಿಂಡೋಸ್ ಆವೃತ್ತಿ ಎಲ್ಲಿ ಬೇರೆ ರೀತಿ ನಡೆದುಕೊಳ್ಳುತ್ತದೆ ಎಂಬುದನ್ನು ಬರೆದಿಟ್ಟಿರುವುದು ಅಲ್ಲಿ.

ಕೊರತೆಯೂ ಇದೆ. ಇದೊಂದನ್ನೇ ಓದಿ ಸರ್ವರ್ ಕಟ್ಟಲಾಗದು. ಫೈಲ್ ಮಾಹಿತಿಯ ರಚನೆಗಳಿಗೆ ಎಂಎಸ್-ಎಫ್‌ಎಸ್‌ಸಿಸಿ, ಫೈಲ್ ಸಿಸ್ಟಮ್ ವರ್ತನೆಗೆ ಎಂಎಸ್-ಎಫ್‌ಎಸ್‌ಎ ಎಂಬ ಬೇರೆ ದಾಖಲೆಗಳನ್ನು ತೆರೆಯಬೇಕು. ಏನು ಮಾಡಬೇಕೆಂದು ಹೇಳುವ ದಾಖಲೆ, ಯಾಕೆ ಎನ್ನುವುದನ್ನು ಹೇಳುವುದು ಅಪರೂಪ. ಯುನಿಕ್ಸ್ ಲೋಕದ ಫೈಲ್ ಹಂಚಿಕೆ ಪ್ರೊಟೊಕಾಲ್ ಆದ ಎನ್‌ಎಫ್‌ಎಸ್‌ನ ಮೂರನೇ ಆವೃತ್ತಿಯನ್ನು ವಿವರಿಸುವ, 1995ರಲ್ಲಿ ಬಂದ ಆರ್‌ಎಫ್‌ಸಿ 1813 ದಾಖಲೆ ನೋಡಿ: ಒಂದೊಂದು ಪ್ರೊಸೀಜರ್‌ಗೂ ಅನುಷ್ಠಾನದ ಟಿಪ್ಪಣಿ ಇದೆ, ಬರೆದವರ ಯೋಚನೆ ಕಾಣುತ್ತದೆ. ಆ ಗುಣ ಇಲ್ಲಿಲ್ಲ.

ಆದರೂ ಇದರ ಬೆಲೆ ನನಗೆ ಗೊತ್ತು. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ ತೊಂಬತ್ತರ ದಶಕದ ಆರಂಭದಲ್ಲಿ, ವಿಂಡೋಸ್ ಅಲ್ಲದ ಯಂತ್ರಗಳೂ ಇದೇ ರೀತಿ ಫೈಲ್ ಹಂಚಿಕೊಳ್ಳುವಂತೆ ಮಾಡುವ ಮುಕ್ತ ತಂತ್ರಾಂಶ ಸಾಂಬಾ ಶುರುಮಾಡಿದಾಗ ಇಂಥ ಕೈಪಿಡಿ ಇರಲಿಲ್ಲ. ತಂತಿಯಲ್ಲಿ ಹರಿಯುವ ಪ್ಯಾಕೆಟ್‌ಗಳನ್ನು ನೋಡಿಯೇ ಊಹಿಸಬೇಕಿತ್ತು. 2004ರಲ್ಲಿ ಯುರೋಪಿಯನ್ ಕಮಿಷನ್ ಈ ಮಾಹಿತಿ ಬಿಟ್ಟುಕೊಡಲು ಮೈಕ್ರೋಸಾಫ್ಟ್‌ಗೆ ಆದೇಶಿಸಿತು, 2007ರಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆ ವರ್ಷದ ಡಿಸೆಂಬರ್‌ನಲ್ಲಿ ಸಾಂಬಾ ತಂಡಕ್ಕೆ ದಾಖಲೆ ಸಿಗಲು 10,000 ಯೂರೋ ಕಟ್ಟಬೇಕಾಯಿತು. 2008ರ ಫೆಬ್ರುವರಿಯಲ್ಲಿ 30,000ಕ್ಕೂ ಹೆಚ್ಚು ಪುಟಗಳು ಎಲ್ಲರಿಗೂ ತೆರೆದವು. ಇಂದು ಕಾಲೇಜು ಹುಡುಗಿಯೊಬ್ಬಳು ಪೈಸೆ ಕೊಡದೆ ಇದನ್ನು ಇಳಿಸಿಕೊಂಡು ತನ್ನದೇ ಕ್ಲೈಂಟ್ ಬರೆಯಬಹುದು. ಇದು ಸಣ್ಣ ಮಾತಲ್ಲ.

ಶುರುಮಾಡುವವರು ಮೊದಲ ಪುಟದಿಂದ ಓದಬೇಡಿ. ನಾಲ್ಕನೇ ಅಧ್ಯಾಯದ ಉದಾಹರಣೆಗಳನ್ನು ಮೊದಲು ನೋಡಿ, ಪಕ್ಕದಲ್ಲಿ ನಿಮ್ಮದೇ ನೆಟ್‌ವರ್ಕ್‌ನ ಒಂದು ಟ್ರೇಸ್ (ಹಿಡಿದಿಟ್ಟ ಪ್ಯಾಕೆಟ್‌ಗಳ ದಾಖಲೆ) ತೆರೆದಿಟ್ಟುಕೊಂಡು ಮೂರಕ್ಕೆ ಹೋಗಿ. ಅರ್ಥವಾಗದ ಸಾಲು ಸಿಕ್ಕರೆ ಮೈಕ್ರೋಸಾಫ್ಟ್‌ನ ದಾಖಲೆ ಸಹಾಯ ತಂಡಕ್ಕೆ ಇಮೇಲ್ ಬರೆದು ಕೇಳುವ ದಾರಿಯೂ ಇದೆ.